ಬಾದಾಮಿಯಲ್ಲಿ ಎರಡು ದಿನ: ಬಂಡೆ ಹತ್ತೋದು, ಗುಡ್ಡದ ನಡಿಗೆ, ಸೈಕಲ್ – ಹೊಸಬರು ಹೇಗೆ ತಯಾರಾಗಬೇಕು?

ಗುಮ್ಮಟದ_ಊರು (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಶನಿವಾರ, ಭಾನುವಾರ ಬಾದಾಮಿಗೆ ಹೊರಟಿದ್ದೇವೆ. ನಾನು, ನಮ್ಮ ಮನೆಯವರು, 13 ವರ್ಷದ ಮಗಳು, 52 ವರ್ಷದ ನಮ್ಮಣ್ಣ. ಮೇಣಬಸದಿ (ಗುಹಾಂತರ ದೇವಾಲಯಗಳು), ಬನಶಂಕರಿ, ಪಟ್ಟದಕಲ್ಲು ಎಲ್ಲ ನೋಡಿದ್ದಾಗಿದೆ. ಕಾರಿನಿಂದ ಇಳಿದು ಫೋಟೊ ತೆಗೆದು ಮತ್ತೆ ಕಾರು ಹತ್ತುವ ಪ್ರವಾಸ ಈ ಸಲ ಬೇಡ ಅಂತ ನಾಲ್ಕೂ ಮಂದಿ ಕೂಡಿ ಠರಾವು ಮಾಡಿದ್ದೇವೆ.

ತಲೆಯಲ್ಲಿರುವುದು ಇಷ್ಟು: ಶನಿವಾರ ಒಂದು ಹೊತ್ತು ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವುದು, ಇನ್ನೊಂದು ಹೊತ್ತು ಗುಡ್ಡದ ಮೇಲಿನ ಆದಿಮಾನವರ ಜಾಗ ಸಿಡಿಲಫಡಿಗೆ ನಡೆದು ಹೋಗುವುದು. ಭಾನುವಾರ ಸೈಕಲ್ ಮೇಲೆ ಪಟ್ಟದಕಲ್ಲು, ಸಾಧ್ಯವಾದರೆ ಐಹೊಳೆಯವರೆಗೂ. ಯಾರೂ ಹಿಂದೆ ಹಗ್ಗ ಮುಟ್ಟಿದವರಲ್ಲ. ದಿನಾ ಅರ್ಧ ತಾಸು ವಾಕಿಂಗ್ ಬಿಟ್ಟರೆ ಬೇರೆ ವ್ಯಾಯಾಮ ಇಲ್ಲ. ಅಣ್ಣನಿಗೆ ಬಿಪಿ ಗುಳಿಗೆ ನಡೆದಿದೆ.

ಹಗ್ಗ, ಶೂ ಎಲ್ಲ ನಾವೇ ಕೊಳ್ಳಬೇಕಾ? ಕಲಿಸುವವರು ಸರಿಯಾದವರು ಅಂತ ಗುರುತಿಸೋದು ಹೇಗೆ? ಶನಿವಾರ ಎರಡೂ ಕೆಲಸ ಒಂದೇ ದಿನ ಆಗುತ್ತಾ? ತಿಳಿದವರು ಬಿಡಿಸಿ ಹೇಳಿ, ಉದ್ದವಾದರೂ ಪರವಾಗಿಲ್ಲ.


ಕಲ್ಲು_ಹಗ್ಗ (ಬಾಗಲಕೋಟೆ)

ಮೇಡಂ, ಬಂಡೆ ಹತ್ತುವ ಭಾಗ ನಾನು ಹೇಳುತ್ತೇನೆ. ನಡಿಗೆ, ಸೈಕಲ್ ಬಗ್ಗೆ ಇಲ್ಲಿ ಬೇರೆಯವರಿದ್ದಾರೆ.

ಮೊದಲು ಕೊಳ್ಳುವ ಮಾತು. ಏನೂ ಕೊಳ್ಳಬೇಡಿ. ಹಗ್ಗ, ಹಾರ್ನೆಸ್ (ಸೊಂಟ, ತೊಡೆಗೆ ಬಿಗಿಯುವ ಪಟ್ಟಿ), ಹೆಲ್ಮೆಟ್, ಕ್ಯಾರಬಿನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ಎಲ್ಲ ಕಲಿಸುವವರೇ ತರುತ್ತಾರೆ, ತರಲೇಬೇಕು. ಬಾವಿಗೆ, ಟೆಂಟಿಗೆ, ಲಾರಿಗೆ ಬಳಸುವ ಹಗ್ಗ ಎಷ್ಟು ದಪ್ಪವಿದ್ದರೂ ಇದಕ್ಕೆ ಬರುವುದಿಲ್ಲ. ಬಂಡೆಯ ಹಗ್ಗ ಬಿದ್ದವರ ಜಗ್ಗನ್ನು ತಾನೇ ಹಿಗ್ಗಿ ನುಂಗುತ್ತದೆ. ಹಿಗ್ಗದ ಹಗ್ಗವಾದರೆ ಆ ಪೆಟ್ಟು ನೇರವಾಗಿ ಸೊಂಟಕ್ಕೂ ಮೇಲೆ ಬಂಡೆಯಲ್ಲಿ ಕೂರಿಸಿದ ಬೋಲ್ಟಿಗೂ ಹೋಗುತ್ತದೆ.

ಬಾದಾಮಿ ದೇಶದ ಒಳ್ಳೆಯ ಕ್ಲೈಂಬಿಂಗ್ ಜಾಗಗಳಲ್ಲಿ ಒಂದು. ಕಾರಣ ಕಲ್ಲೇ. ಇಲ್ಲಿಯ ಕೆಂಪು ಮರಳುಗಲ್ಲು ಅಡ್ಡಡ್ಡ ಪದರಗಳಲ್ಲಿ ಕೂತಿದೆ, ಪದರಗಳ ನಡುವಿನ ಸಂದು, ಅಂಚು, ಗುಳಿ ಎಲ್ಲ ಕೈಗೆ ಸಿಗುತ್ತವೆ. ಹೊಸಬರಿಗೆ ಇದಕ್ಕಿಂತ ಸಲೀಸಾದ ಕಲ್ಲು ಸಿಗುವುದು ಕಷ್ಟ. ಭೂವಿಜ್ಞಾನಿಗಳು ಈ ಪದರಕ್ಕೆ ಗುಹಾಂತರ ದೇವಾಲಯಗಳ ಹೆಸರನ್ನೇ ಇಟ್ಟಿದ್ದಾರೆ, ನಮ್ಮ ಕಲಾದಗಿಯ ಹೆಸರು ಹೊತ್ತ ದೊಡ್ಡ ಶಿಲಾಸಮೂಹದ ಭಾಗ ಅದು.

ಕಲಿಸುವವರ ವಿಷಯ. ಸರ್ಕಾರದ ಕಡೆಯಿಂದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಬಾದಾಮಿಯಲ್ಲಿ ಶಿಲಾರೋಹಣ ತರಬೇತಿ ನಡೆಸುತ್ತದೆ. ಅಲ್ಲಿ ಮೊದಲೇ ವಿಚಾರಿಸಿ, ನಿಮ್ಮ ದಿನಕ್ಕೆ ಜಾಗ ಇದ್ದರೆ ಅದೇ ಉತ್ತಮ. ಖಾಸಗಿಯಾಗಿ ಕಲಿಸುವ ಸ್ಥಳೀಯರೂ ಇದ್ದಾರೆ. ಯಾರಾದರೂ ಸರಿ, ದುಡ್ಡಿನ ಮಾತಿಗೆ ಮುಂಚೆ ಇವನ್ನು ಕೇಳಿ: ಒಂದು ಹಗ್ಗಕ್ಕೆ ಎಷ್ಟು ಮಂದಿ? ಕೆಳಗೆ ಹಗ್ಗ ಹಿಡಿಯುವವರು ಯಾರು? ಹಗ್ಗ, ಹಾರ್ನೆಸ್ ಎಷ್ಟು ವರ್ಷದ್ದು? ಹೆಲ್ಮೆಟ್ ಹತ್ತುವವರಿಗೆ ಮಾತ್ರವೋ, ಕೆಳಗೆ ನಿಂತವರಿಗೂ ಉಂಟೋ? ಕೊನೆಯ ಪ್ರಶ್ನೆಗೆ "ಕೆಳಗಿನವರಿಗೆ ಯಾಕೆ ಬೇಕ್ರಿ" ಅಂದರೆ ಬೇರೆಯವರನ್ನು ಹುಡುಕಿ. ಬೆರಳ ಗಾತ್ರದ ಚೂರು 15 ಮೀಟರ್ ಮೇಲಿಂದ ಬಿದ್ದರೂ ತಲೆ ಒಡೆಯುತ್ತದೆ, ಅದು ಬೀಳುವುದು ಕೆಳಗಿನವರ ಮೇಲೆ. ಹಾರ್ನೆಸ್ ಮೇಲೆ ಇಎನ್ 12277, ಹೆಲ್ಮೆಟ್ ಒಳಗೆ ಇಎನ್ 12492, ಹಗ್ಗದ ತುದಿಯ ಪಟ್ಟಿಯ ಮೇಲೆ ಇಎನ್ 892 ಅಂತ ಬರೆದಿರಬೇಕು, ಇವು ಯುರೋಪಿನ ಸುರಕ್ಷತಾ ಮಾನದಂಡದ ಸಂಖ್ಯೆಗಳು. ಯುಐಎಎ (ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟ) ಗುರುತಿದ್ದರೂ ಆಯಿತು. ಬೈಕಿನ ಹೆಲ್ಮೆಟ್ ಕೊಟ್ಟರೆ ತಗೊಳ್ಳಬೇಡಿ, ಮೇಲೆ ನೋಡಲು ಕತ್ತೇ ಎತ್ತಲಾಗುವುದಿಲ್ಲ.

ನೀವು ಮಾಡಬೇಕಾದ್ದು ಟಾಪ್ ರೋಪ್. ಹಗ್ಗ ನಿಮ್ಮ ಸೊಂಟದಿಂದ ಮೇಲೆ ಹೋಗಿ, ಬಂಡೆಯ ನೆತ್ತಿಯ ಆಧಾರದಲ್ಲಿ ತಿರುಗಿ, ಕೆಳಗಿರುವ ಬಿಲೇಯರ್, ಅಂದರೆ ಹಗ್ಗ ಹಿಡಿದು ಕಾಯುವವರ ಕೈಗೆ ಬರುತ್ತದೆ. ಕೈ ಜಾರಿದರೆ ಬೀಳುವುದು ಹಗ್ಗ ಹಿಗ್ಗುವಷ್ಟೇ. ಮೇಲಿನ ಆಧಾರದಲ್ಲಿ ಎರಡು ಬೋಲ್ಟ್ ಇರಬೇಕು, ಭಾರ ಎರಡಕ್ಕೂ ಸಮನಾಗಿ ಬೀಳುವಂತೆ ನೈಲಾನ್ ಪಟ್ಟಿ ಕಟ್ಟಿರಬೇಕು, ಹಗ್ಗ ಓಡುವುದು ಲಾಕ್ ಇರುವ ಕ್ಯಾರಬಿನರ್ ಒಳಗೆ. ಹಗ್ಗವನ್ನು ನೇರವಾಗಿ ಪಟ್ಟಿಯೊಳಗೆ ಹಾಯಿಸಿದರೆ ಉಜ್ಜಿದ ಬಿಸಿಗೆ ನೈಲಾನ್ ಕರಗಿ ಪಟ್ಟಿ ಹರಿಯುತ್ತದೆ. ಬಾದಾಮಿ ಕಲ್ಲಿನ ಅಂಚು ಚೂಪು, ಹಗ್ಗ ಅಂಚಿಗೆ ತಾಗುವ ಕಡೆ ದಪ್ಪ ಬಟ್ಟೆ ಅಥವಾ ಪೈಪು ಹಾಕಿದ್ದಾರೆಯೇ ನೋಡಿ. ಕೆಳಗೆ ಹಗ್ಗ ಮಣ್ಣಿನಲ್ಲಿ ಬಿದ್ದಿರಬಾರದು, ತಾಡಪತ್ರಿಯ ಮೇಲೆ ಇರಬೇಕು. ಮರಳಿನ ಕಣ ಹಗ್ಗದ ಒಳಗೆ ಸೇರಿ ನೂಲನ್ನು ಒಳಗಿಂದಲೇ ಕೊಯ್ಯುತ್ತದೆ, ಹೊರಗೆ ಕಾಣುವುದಿಲ್ಲ.

ಹಾರ್ನೆಸ್ ಸೊಂಟದ ಮೂಳೆಯ ಮೇಲೆ ಕೂರಬೇಕು, ಮೂಳೆ ದಾಟಿ ಕೆಳಗೆ ಜಾರುವಂತಿರಬಾರದು. ಬಿಗಿದ ಮೇಲೆ ಪಟ್ಟಿ ಮತ್ತು ಹೊಟ್ಟೆಯ ನಡುವೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ಹಗ್ಗ ಕಟ್ಟುವುದು ಮುಂದಿನ ಎರಡು ಕುಣಿಕೆಗಳಲ್ಲಿ, ಒಂದು ಕಾಲಿನದು, ಒಂದು ಸೊಂಟದ್ದು. ಪಕ್ಕದಲ್ಲಿ ಜೋತಾಡುವ ಪ್ಲಾಸ್ಟಿಕ್ ಕುಣಿಕೆಗಳು ಸಾಮಾನು ತೂಗುಹಾಕಲಿಕ್ಕೆ, ಮನುಷ್ಯರ ಭಾರಕ್ಕಲ್ಲ. ಗಡಿಬಿಡಿಯಲ್ಲಿ ಹೊಸಬರು ತಪ್ಪುವುದು ಇಲ್ಲಿಯೇ. ಗಂಟು ಎಂಟರ ಆಕಾರದ್ದು: ಹಗ್ಗದಲ್ಲಿ ಒಂದು ಎಂಟು ಹಾಕಿ, ತುದಿಯನ್ನು ಎರಡೂ ಕುಣಿಕೆಗಳಲ್ಲಿ ತೂರಿಸಿ, ಅದೇ ಎಂಟಿನ ದಾರಿ ಹಿಡಿದು ವಾಪಸ್ ತರುವುದು. ಕಟ್ಟಿದ ಮೇಲೆ ನೋಡಿದರೆ ಎಲ್ಲಿ ಕಂಡರೂ ಎರಡೆರಡು ಎಳೆ ಜೋಡಿಯಾಗಿ, ಹೆಣೆದುಕೊಳ್ಳದೆ ಮಲಗಿರಬೇಕು. ಒಟ್ಟು ಐದು ಜೋಡಿ ಎಣಿಸಬಹುದು. ಉಳಿದ ತುದಿ ಒಂದು ಗೇಣಿಗಿಂತ ಕಡಿಮೆ ಇರಬಾರದು.

ಪ್ರತಿ ಸಲ ಹತ್ತುವ ಮುಂಚೆ ಹತ್ತುವವರು ಬಿಲೇಯರನ್ನೂ, ಬಿಲೇಯರ್ ಹತ್ತುವವರನ್ನೂ ಕೈಯಿಂದ ಮುಟ್ಟಿ ನೋಡಬೇಕು: ಬಕಲ್, ಗಂಟು, ಬಿಲೇ ಸಾಧನದೊಳಗೆ (ಬಿಲೇಯರ್ ಹಗ್ಗ ತಡೆಯಲು ಬಳಸುವ ಸಾಧನ) ಹಗ್ಗ ಹೋದ ದಿಕ್ಕು, ಕ್ಯಾರಬಿನರ್ ಲಾಕ್, ಹಗ್ಗದ ಇನ್ನೊಂದು ತುದಿಯಲ್ಲಿ ತಡೆಗಂಟು. ಆ ತಡೆಗಂಟು ಬಹಳ ಮುಖ್ಯ. 60 ಮೀಟರ್ ಹಗ್ಗದಲ್ಲಿ 30 ಮೀಟರಿಗಿಂತ ಎತ್ತರದ ಗೋಡೆಯಿಂದ ಇಳಿಸುತ್ತ ಹೋದರೆ, ಇಳಿಯುವವರು ನೆಲ ಮುಟ್ಟುವ ಮುಂಚೆ ತುದಿ ಬಿಲೇಯರ್ ಕೈಯಿಂದ ಜಾರಿ ಹೋಗುತ್ತದೆ. ಗಂಟಿದ್ದರೆ ಅದು ಸಾಧನದಲ್ಲಿ ಸಿಕ್ಕಿ ನಿಲ್ಲುತ್ತದೆ.

ಕೂಗುವ ಮಾತುಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. "ಬಿಗಿ", "ಸಡ್ಲ", "ಇಳಸ್ರಿ", "ಕಲ್ಲು!" ಈ ನಾಲ್ಕು ಸಾಕು. ಗೋಡೆಗೆ ಬಡಿದು ಮಾತು ಚದುರುವುದರಿಂದ ಉದ್ದ ವಾಕ್ಯ ಕೇಳಿಸುವುದಿಲ್ಲ.

ಹತ್ತುವಾಗ ಕೈಯಿಂದ ಮೈ ಎಳೆದುಕೊಳ್ಳಬೇಡಿ, ಐದು ನಿಮಿಷಕ್ಕೆ ಮುಂಗೈ ಕಲ್ಲಾಗಿ ಬೆರಳು ತಾವೇ ಬಿಚ್ಚಿಕೊಳ್ಳುತ್ತವೆ. ಮೊದಲು ಕಾಲಿಗೆ ಜಾಗ ನೋಡಿ, ಹೆಬ್ಬೆರಳಿನ ತುದಿ ಇಟ್ಟು ಕಾಲಿನಿಂದ ಏಳಿ. ಕೈ ನೇರವಾಗಿ ಚಾಚಿ ಹಿಡಿದಷ್ಟು ಸುಸ್ತು ಕಡಿಮೆ. ಬೋಲ್ಟಿನ ಉಂಗುರದಲ್ಲಿ ಬೆರಳು ತೂರಿಸಬಾರದು, ಕಾಲು ಜಾರಿದರೆ ಇಡೀ ಮೈಭಾರ ಆ ಒಂದು ಬೆರಳಿನ ಮೇಲೆ ಬೀಳುತ್ತದೆ. ಅದೇ ಕಾರಣಕ್ಕೆ ಉಂಗುರ, ಬಳೆ, ವಾಚು ತೆಗೆದಿಡಿ. ಉಗುರು ಕತ್ತರಿಸಿ, ಜಡೆ ಅಂಗಿಯೊಳಗೆ ಸೇರಿಸಿ, ಓಢಣಿ ಬೇಡ. ಸಡಿಲವಾದ ಟ್ರ್ಯಾಕ್ ಪ್ಯಾಂಟು, ಮೊಣಕೈ ಮುಚ್ಚುವ ಟೀಶರ್ಟು ಸಾಕು. ಕ್ಲೈಂಬಿಂಗ್ ಶೂ ಕಲಿಸುವವರಲ್ಲಿ ನಿಮ್ಮ ಅಳತೆಗೆ ಸಿಗದಿದ್ದರೆ ತೆಳು ಅಡಿಯ ಕ್ಯಾನ್ವಾಸ್ ಶೂ ನಡೆಯುತ್ತದೆ. ದಪ್ಪ ಅಡಿಯ ರನ್ನಿಂಗ್ ಶೂ ಅಂಚಿನ ಮೇಲೆ ಮಡಚಿಕೊಂಡು ಜಾರುತ್ತದೆ.

ಎರಡು ಎಚ್ಚರಿಕೆ. ಅಕಾಲ ಮಳೆ ಬಿದ್ದರೆ ಆ ದಿನವೂ ಮರುದಿನವೂ ಹತ್ತಬೇಡಿ. ಮರಳುಗಲ್ಲು ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ, ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ತೆಳುವಾದ ಹಿಡಿಗಳು ಕಳಚಿ ಬರುತ್ತವೆ. ಇನ್ನು ಮೇಣಬಸದಿಯ ಗುಡ್ಡ, ಕೋಟೆಗೋಡೆ, ಶಿವಾಲಯಗಳ ಬಂಡೆ ಪುರಾತತ್ವ ಇಲಾಖೆಯವು. ಅಲ್ಲಿ ಹತ್ತುವುದು, ಸೀಮೆಸುಣ್ಣದ ಗುರುತು ಹಾಕುವುದು ಯಾವುದೂ ಕೂಡದು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಹೆಜ್ಜೇನು ತೂಗುವ ಚಾಚುಬಂಡೆಗಳ ಹತ್ತಿರವೂ ಹೋಗಬೇಡಿ. ಸೆಂಟು, ಹೊಗೆ, ಕೂಗಾಟ ಮೂರೂ ಅವಕ್ಕೆ ಆಗುವುದಿಲ್ಲ. ಎದ್ದರೆ ಬಡಿಯುತ್ತ ನಿಲ್ಲದೆ ಮುಖ ಮುಚ್ಚಿಕೊಂಡು ಓಡಬೇಕು.

ಹೊತ್ತಿನ ಲೆಕ್ಕ: ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ಉತ್ತರಕ್ಕೆ ಮುಖ ಮಾಡಿದ ಗೋಡೆಗಳು ನಡುಮಧ್ಯಾಹ್ನವೂ ನೆರಳಲ್ಲೇ ಇರುತ್ತವೆ. ಅಂಥ ಗೋಡೆ ಕೇಳಿ. ಆಗ ಬೆಳಿಗ್ಗೆ ನಡಿಗೆ, ಮಧ್ಯಾಹ್ನ 2ರಿಂದ 5ರವರೆಗೆ ಬಂಡೆ, ಎರಡೂ ಒಂದೇ ದಿನ ಹೊಂದುತ್ತವೆ. ಗಂಟು, ತಪಾಸಣೆ, ಹತ್ತುವುದು, ಇಳಿಯುವುದು ಸೇರಿ ಒಬ್ಬರಿಗೆ 15–20 ನಿಮಿಷ ಹಿಡಿಯುತ್ತದೆ. ಮೂರು ತಾಸಿನಲ್ಲಿ ನಾಲ್ವರಿಗೂ ಎರಡೆರಡು ಸರದಿ ಆರಾಮಾಗಿ ಸಿಗುತ್ತವೆ. ಮೂರನೇ ಸರದಿಗೆ ಆಸೆ ಪಡಬೇಡಿ, ಬೆರಳ ಚರ್ಮ ಅಷ್ಟರಲ್ಲಿ ಉರಿಯುತ್ತಿರುತ್ತದೆ.

ಅಣ್ಣನವರು ಡಾಕ್ಟರನ್ನು ಕೇಳಿಯೇ ಹತ್ತಲಿ. ಆ ದಿನದ ಗುಳಿಗೆ ತಪ್ಪಿಸಬಾರದು, ಉಸಿರು ಬಿಗಿಹಿಡಿದು ಜಗ್ಗುವುದಂತೂ ಬೇಡವೇ ಬೇಡ, ಬಿಪಿ ಏರುವುದು ಅದರಿಂದಲೇ.


ಗುಡ್ಡದ_ದಾರಿ (ಬಾದಾಮಿ)

ಅಕ್ಕಾರ, ಸಿಡಿಲಫಡಿ ಬಾದಾಮಿಯಿಂದ ಸುಮಾರ 4 ಕಿ.ಮೀ. ಗಾಡಿ ದಾರಿ ಇಲ್ಲ, ಕಾಲುದಾರಿನ. ಸಪಾಟ ರಸ್ತಾದ ಮ್ಯಾಲ 4 ಕಿ.ಮೀ. ಅಂದ್ರ ಮುಕ್ಕಾಲು ತಾಸು ಅನ್ಕೊತೀರಿ, ಇಲ್ಲಿ ಹಂಗ ಲೆಕ್ಕ ಹಾಕಬ್ಯಾಡ್ರಿ. ಹೋಗಾಕ ಒಂದೂವರಿ ತಾಸು, ಅಲ್ಲಿ ಮುಕ್ಕಾಲು ತಾಸು, ಬರಾಕ ಒಂದೂವರಿ ತಾಸು. ಮುಂಜಾನೆ ಏಳಕ್ಕ ಬಿಟ್ರ ಹನ್ನೊಂದರ ಸುಮಾರಿಗೆ ಊರಾಗ ಇರ್ತೀರಿ. ಡಿಸೆಂಬರ್‌ದಾಗ ಹೊತ್ತು ಹುಟ್ಟೂದು ಏಳಕ್ಕ ಹತ್ತು ನಿಮಿಷ ಇದ್ದಾಗ, ಮುಣಗೂದು ಸಂಜಿ ಆರಕ್ಕ. ಅದಕ ಮಧ್ಯಾಹ್ನ ಮ್ಯಾಲ ಹೊಂಡೂದು ಬ್ಯಾಡ, ಕತ್ತಲಾದ ಮ್ಯಾಲ ಆ ಬಂಡಿ ನಡುವ ದಾರಿ ಹುಡುಕಾಕ ಆಗೂದಿಲ್ಲ.

ದಾರಿ ತಪ್ಪೂದು ಯಾಕಂದ್ರ, ಗುಡ್ಡದ ಮ್ಯಾಲ ಆಡು ಕುರಿ ತುಳದ ಹಾದಿ ಭಾಳ ಅದಾವ, ಎಲ್ಲಾವೂ ಒಂದ ನಮೂನಿ ಕಾಣ್ತಾವ. ಊರಿನವ್ರು ಒಬ್ಬರನ್ನ ಕರಕೊಂಡ ಹೋಗ್ರಿ, ಅದ ಭೇಷ್. ಅವರಿದ್ರೂ ನೀವೊಂದು ಕೆಲಸ ಮಾಡ್ರಿ: ಹಾದಿ ಕವಲು ಒಡದ ಪ್ರತಿ ಕಡೆ ಹೊಳ್ಳಿ ನಿಂತು, ಬಂದ ದಿಕ್ಕಿನ ಫೋಟೋ ತಗೋರಿ. ವಾಪಸ್ ಬರುವಾಗ ನಿಮ್ಮ ಕಣ್ಣಿಗೆ ಕಾಣೂದು ಅದ ಚಿತ್ರ. ಮುಂದಿನ ದಿಕ್ಕಿನ ಫೋಟೋ ವಾಪಸ್ ಬರುವಾಗ ಉಪಯೋಗ ಬರೂದಿಲ್ಲ. ಮ್ಯಾಪ್ ಊರಾಗ ಇದ್ದಾಗನ ಡೌನ್‌ಲೋಡ್ ಮಾಡ್ಕೊರಿ, ಕಾರ್ ನಿಲ್ಲಿಸಿದ ಜಾಗಾ ಗುರುತ ಹಾಕ್ಕೊರಿ, ಮ್ಯಾಲ ಎಲ್ಲಾ ಕಡೆ ನೆಟ್‌ವರ್ಕ್ ಸಿಗೂದಿಲ್ಲ.

ಬೂಟು ಒಳ್ಳೇವು ಇರಲಿ. ಕಲ್ಲು ಸವದು ಬಂಡಿ ಮ್ಯಾಲ ಸಣ್ಣ ಹಳ್ಳು ನಿಂತಿರ್ತಾವ, ಇಳಿಜಾರಿನ್ಯಾಗ ಕಾಲಿಟ್ರ ಜ್ವಾಳದ ಕಾಳು ಚೆಲ್ಲಿದ ಕಟ್ಟಿ ಮ್ಯಾಲ ಕಾಲಿಟ್ಟಂಗ ಆಗ್ತೈತಿ. ಹತ್ತುವಾಗ ಏನೂ ಆಗೂದಿಲ್ಲ, ಬೀಳೂದೆಲ್ಲಾ ಇಳಿಯುವಾಗ. ಇಳಿಯುವಾಗ ಮೊಣಕಾಲು ಜರಾ ಮಡಚಿ, ಸಣ್ಣ ಸಣ್ಣ ಹೆಜ್ಜಿ ಇಡ್ರಿ. ಕಡದಾದಲ್ಲಿ ನಾಚಿಕಿ ಬ್ಯಾಡ, ಕುಂತು ಜರಕೊಂಡ ಇಳೀರಿ.

ನೀರು ಒಬ್ಬರಿಗೆ ಎರಡೂವರಿ ಲೀಟರ್, ಡಿಸೆಂಬರ್ ಇದ್ರೂ. ದಾರಿಯೊಳಗ ಕುಡಿಯೂ ನೀರು ಸಿಗೂದಿಲ್ಲ, ಹೊಂಡದ ನೀರು ಕುಡೀಬ್ಯಾಡ್ರಿ. ಒಂದು ಬಾಟ್ಲಿಯೊಳಗ ಓಆರ್‌ಎಸ್ ಕಲಿಸ್ಕೊರಿ. ಪುಡಿ ಸಿಗಲಿಲ್ಲಂದ್ರ ಒಂದು ಲೀಟರ್ ನೀರಿಗೆ ಆರು ಚಾ ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು. ಉಪ್ಪು ಅದಕಿಂತ ಹೆಚ್ಚಿಗಿ ಹಾಕಬ್ಯಾಡ್ರಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಂಡ್ರ ಕೆಡೂದಿಲ್ಲ, ಆದ್ರ ನೀರಡಿಕಿ ಹೆಚ್ಚಾಗ್ತೈತಿ. ನಡುವ ನಡುವ ಬಾಯಾಗ ಹಾಕ್ಕೊಳ್ಳಾಕ ಅಮೀನಗಡದ ಕರದಂಟು ತಗೋರಿ. ಬೆಲ್ಲ, ಅಂಟು, ಒಣಕೊಬ್ಬರಿ, ಗೋಡಂಬಿ ಎಲ್ಲಾ ಐತಿ ಅದರಾಗ. ಪ್ಯಾಕೆಟ್ ಎನರ್ಜಿ ಬಾರ್ ಅದರ ಮುಂದ ಏನೂ ಅಲ್ಲ.

ಮಂಗ್ಯಾಗೋಳ ಕಾಟ ಮೇಣಬಸದಿ ಹತ್ರ ಭಾಳ, ಗುಡ್ಡದ ಮ್ಯಾಲ ಕಡಿಮಿ. ಕೈಯಾಗ ಪ್ಲಾಸ್ಟಿಕ್ ಚೀಲ ಹಿಡೀಬ್ಯಾಡ್ರಿ, ಅದರ ಸಪ್ಪಳ ಕೇಳಿದ್ರ ಸಾಕು ಬರ್ತಾವ. ಎಲ್ಲಾ ಬೆನ್ನಿಗಿ ಹಾಕೂ ಬ್ಯಾಗಿನ್ಯಾಗ ಇರಲಿ, ಜಿಪ್ ಹಾಕಿರಲಿ. ಕಸಗೊಂಡ್ರ ಬಿಟ್ಟುಬಿಡ್ರಿ, ಜಗ್ಗಿದ್ರ ಕಡೀತಾವ. ಕಡದ್ರ ಅಥವಾ ಪರಚಿದ್ರ ಹರಿಯೂ ನೀರಾಗ ಸಾಬೂನು ಹಚ್ಚಿ 15 ನಿಮಿಷ ತೊಳೀರಿ, ಅವತ್ತ ದವಾಖಾನಿಗಿ ಹೋಗಿ ರೇಬಿಸ್ ಚುಚ್ಚುಮದ್ದು ತಗೋರಿ.

ಕಂಟಿಯೊಳಗ, ಕಲ್ಲ ಸಂದಿನ್ಯಾಗ ಕೈ ಹಾಕಬ್ಯಾಡ್ರಿ. ಕೊಳಕುಮಂಡಲ ಇರ್ತೈತಿ, ಚೇಳೂ ಇರ್ತಾವ. ಕುಂಡ್ರೂ ಮುಂಚೆ ಕೋಲಿನಿಂದ ಬಡದು ನೋಡ್ರಿ. ಹಾವು ಕಡದ್ರ ಹಗ್ಗಲೇ ಬಿಗಿಬ್ಯಾಡ್ರಿ, ಕೊಯ್ಯಬ್ಯಾಡ್ರಿ. ಕಡದ ಕಾಲು ಅಲುಗಾಡದಂಗ ಕೋಲು ಕಟ್ಟಿ, ಹೊತಗೊಂಡ ಇಳಿಸಿ, 108ಕ್ಕ ಫೋನ್ ಮಾಡ್ರಿ.

ಸಿಡಿಲಫಡಿ ಅಂದ್ರ ದೊಡ್ಡ ಬಂಡಿಗೋಳು ಕೂಡಿ ಆದ ಕಮಾನು. ಮ್ಯಾಲ ತೂತಿನಿಂದ ಬಿಸಲು ಒಳಗ ಬೀಳ್ತೈತಿ, ಆದಿಮಾನವರು ಇದ್ದ ಜಾಗಾ. ಗೋಡಿ ಮ್ಯಾಲ ಅವರ ಚಿತ್ರ ಅದಾವ, ಮಾಸ್ಯಾವ, ಕಣ್ಣು ಹೊಂದಿಕೊಳ್ಳಾಕ ಎರಡು ನಿಮಿಷ ಬೇಕು. ಫೋಟೋದಾಗ ಚಂದ ಕಾಣ್ಲಿ ಅಂತ ನೀರು ಸಿಂಪಡಿಸೂದು, ಬೆರಳಿನಿಂದ ಒರಸೂದು ಮಾಡಬ್ಯಾಡ್ರಿ. ಸಾವಿರಾರು ವರ್ಷ ಉಳದ ಬಣ್ಣ ಅದು, ಕೈಯಾಗಿನ ಬೆವರಿಗೆ ಹೋಗಬಾರ್ದು. ಮಗಳಿಗೆ ಮೊದಲ ಹೇಳಿ ಕರಕೊಂಡ ಹೋಗ್ರಿ.


ಗುಮ್ಮಟದ_ಊರು

ಇಬ್ಬರಿಗೂ ಧನ್ಯವಾದ, ಅರ್ಧ ಭಯ ಕಡಿಮೆ ಆಯಿತು. ಹಾಗಾದರೆ ಶನಿವಾರ ಬೆಳಿಗ್ಗೆ ಸಿಡಿಲಫಡಿ, ಮಧ್ಯಾಹ್ನ ಬಂಡೆ. ಭಾನುವಾರದ ಸೈಕಲ್ ಬಗ್ಗೆ ಯಾರಾದರೂ ಹೇಳ್ರಿ. ಮನೆಯಲ್ಲಿ ಮೂರು ಸೈಕಲ್ ಇವೆ, ಗೇರಿನವು, ಕಾರಿನ ಹಿಂದೆ ಕಟ್ಟಿ ತರಬಹುದು. ಅಣ್ಣ ಕಾರು ಓಡಿಸುತ್ತಾನೆ.


ಎರಡು_ಗಾಲಿ (ವಿಜಯಪುರ)

ನಮ್ಮೂರಿನವರೇ ಸೈಕಲ್ ಕೇಳುತ್ತಿದ್ದಾರೆ ಅಂದಮೇಲೆ ಹೇಳಲೇಬೇಕು. ಅಣ್ಣನವರ ಕಾರು ಜೊತೆಗಿರುವುದು ದೊಡ್ಡ ಅನುಕೂಲ, ಆದ್ದರಿಂದ ಯೋಜನೆಯನ್ನೇ ತಿರುವಿ ಹಾಕಿ. ಬಾದಾಮಿಯಿಂದ ಹೊರಡಬೇಡಿ. ಸೈಕಲ್ ಕಾರಿಗೆ ಕಟ್ಟಿಕೊಂಡು ನಸುಕಿನಲ್ಲೇ ಐಹೊಳೆಗೆ ಹೋಗಿ, ಅಲ್ಲಿಂದ ಪಟ್ಟದಕಲ್ಲಿನ ಮೇಲೆ ಬಾದಾಮಿಯತ್ತ ತುಳಿಯುತ್ತ ಬನ್ನಿ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಪೂರ್ವದಿಂದ ಬೀಸುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ಬಂದರೆ ಗಾಳಿಯೂ ಬೆಳಗಿನ ಬಿಸಿಲೂ ಬೆನ್ನಿಗೆ. ಬಾದಾಮಿಯಿಂದ ಹೊರಟರೆ ಎರಡೂ ಮುಖಕ್ಕೆ.

ಐಹೊಳೆಯಿಂದ ಪಟ್ಟದಕಲ್ಲು 13 ಕಿ.ಮೀ. ಆಸುಪಾಸು, ಪಟ್ಟದಕಲ್ಲಿನಿಂದ ಬಾದಾಮಿ 22 ಕಿ.ಮೀ. ಅಭ್ಯಾಸ ಇಲ್ಲದವರು ತಾಸಿಗೆ 12 ಕಿ.ಮೀ. ಹಿಡಿದುಕೊಳ್ಳಿ. ಮೊದಲ ತುಂಡು ಒಂದು ತಾಸು ಚಿಲ್ಲರೆ. ಪಟ್ಟದಕಲ್ಲಿನಲ್ಲಿ ವಿಶ್ರಾಂತಿ, ತಿಂಡಿ. ಅಲ್ಲಿ ಕಾಲು ಹೇಗಿವೆ ನೋಡಿ ಮುಂದಿನ ತುಂಡಿನ ನಿರ್ಧಾರ ಮಾಡಿ. ಹಿಂದಿನ ದಿನ ಗುಡ್ಡ, ಬಂಡೆ ಎರಡೂ ಆಗಿರುತ್ತದೆ, ಮಗಳು ಅಲ್ಲಿಂದ ಕಾರು ಹತ್ತಿದರೆ ಅದು ಸೋಲಲ್ಲ.

ಈ ರಸ್ತೆಯ ನಿಜವಾದ ಅಪಾಯ ಕಬ್ಬಿನ ಟ್ರ್ಯಾಕ್ಟರ್. ಡಿಸೆಂಬರ್ ಅಂದರೆ ಕಾರ್ಖಾನೆ ನುರಿಸುವ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಅಗಲ ಮೀರಿ ಕಬ್ಬು ಹೇರಿಕೊಂಡು ಬರುತ್ತವೆ. ಮುಂದಿನ ಟ್ರೇಲರ್ ದಾಟಿತು ಅಂತ ರಸ್ತೆಗೆ ಬರಬೇಡಿ, ಹಿಂದಿನದು ಬಾಲದಂತೆ ಅತ್ತಿತ್ತ ಓಲಾಡುತ್ತದೆ, ಚಾಚಿದ ಕಬ್ಬು ತಲೆಗೆ, ಭುಜಕ್ಕೆ ಹೊಡೆಯುತ್ತದೆ. ಸಪ್ಪಳ ಕೇಳಿದ ಕೂಡಲೇ ರಸ್ತೆ ಬಿಟ್ಟು ಕೆಳಗಿಳಿದು ನಿಲ್ಲಿ, ಕೊನೆಯ ಗಾಲಿ ದಾಟಿದ ಮೇಲೆ ಹತ್ತಿ. ಹುಡುಗರು ಹಿಂದಿನಿಂದ ಕಬ್ಬು ಜಗ್ಗುವುದನ್ನು ನೋಡಿ ಮಗಳಿಗೂ ಆಸೆಯಾಗಬಹುದು, ಮೊದಲೇ ಹೇಳಿಡಿ. ಬಿದ್ದ ಕಬ್ಬಿನ ಜಲ್ಲೆಯ ಮೇಲೆ ಗಾಲಿ ಓರೆಯಾಗಿ ಹತ್ತಿದರೆ ಜಾರುವುದು ಖಂಡಿತ, ದಾಟಲೇಬೇಕಾದರೆ ನೇರವಾಗಿ ದಾಟಿ. ಸಂಜೆಯ ಮೇಲೆ ಈ ರಸ್ತೆಯಲ್ಲಿ ಸೈಕಲ್ ಬೇಡವೇ ಬೇಡ, ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ.

ಎರಡನೆಯದು ಬಳ್ಳಾರಿ ಜಾಲಿ ಮುಳ್ಳು. ಡಾಂಬರಿನ ಅಂಚು ಬಿಟ್ಟು ಮಣ್ಣಿಗೆ ಇಳಿದಾಗ ಸೈಕಲ್ ಎತ್ತಿಕೊಂಡು ಇಳಿಯಿರಿ, ಉರುಳಿಸಬೇಡಿ. ಪಂಕ್ಚರ್ ಆದರೆ ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿ ಒಂದು ಸುತ್ತು ನೋಡಬೇಕು, ನಿಧಾನವಾಗಿ, ಬೆರಳು ಕೊಯ್ಯದ ಹಾಗೆ. ಮುಳ್ಳು ಹೊರಗಿನಿಂದ ಮುರಿದು ತುದಿ ಮಾತ್ರ ರಬ್ಬರಿನಲ್ಲಿ ಉಳಿದಿರುತ್ತದೆ, ಹೊರಗಿನಿಂದ ಕಪ್ಪು ಚುಕ್ಕಿಯಷ್ಟೇ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಹತ್ತು ನಿಮಿಷಕ್ಕೆ ಅದೂ ಹೋಗುತ್ತದೆ. ಉಗುರು ಕತ್ತರಿಯಿಂದ ಹಿಡಿದು ಒಳಗಡೆಯಿಂದ ಎಳೆಯಿರಿ. ಸೈಕಲ್ಲಿಗೊಂದು ಟ್ಯೂಬ್, ಎರಡು ಟೈರ್ ಲೀವರ್, ಪಂಪು, ಪ್ಯಾಚು, ಎಲ್ಲ ಕಾರಿನಲ್ಲಿರಲಿ. ಟ್ಯೂಬಿನ ಅಳತೆ ಟೈರಿನ ಪಕ್ಕದಲ್ಲೇ ಅಚ್ಚಾಗಿದೆ, ಬಾದಾಮಿಯಲ್ಲಿ ಸಿಗುತ್ತದೆ ಅಂತ ನಂಬದೆ ವಿಜಯಪುರದಲ್ಲೇ ಕೊಳ್ಳಿ. ಗಾಳಿಯ ಮಿತಿಯೂ ಅಲ್ಲೇ ಬರೆದಿರುತ್ತದೆ. ದಪ್ಪ ಟೈರಿನ ಸೈಕಲ್ಲಿಗೆ ಡಾಂಬರಿನ ಮೇಲೆ 40 ಪಿಎಸ್‌ಐ, ತೆಳು ಹೈಬ್ರಿಡ್‌ಗೆ 55–60 ಸಾಕು.

ಸೀಟಿನ ಎತ್ತರ ಹೊರಡುವ ಮುಂಚೆಯೇ ಸರಿ ಮಾಡಿ. ಸೀಟಿನ ಮೇಲೆ ಕೂತು ಹಿಮ್ಮಡಿ ಪೆಡಲ್ ಮೇಲಿಟ್ಟರೆ, ಪೆಡಲ್ ಕೆಳಗೆ ಬಂದಾಗ ಕಾಲು ನೇರವಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ಸರಿಯಾದಷ್ಟೇ ಮಡಚುತ್ತದೆ. ಮೊಣಕಾಲು ನೋವು ಅನ್ನುವವರಲ್ಲಿ ಅರ್ಧ ಮಂದಿಯ ಸೀಟು ತಗ್ಗಾಗಿರುತ್ತದೆ.


ಕುಂದಾನಗರಿ (ಬೆಳಗಾವಿ)

ಈ ಚರ್ಚೆಯನ್ನು ಓದುವ ಬೇರೆಯವರಿಗೂ ಒಂದು ಮಾತು. "ಬಾದಾಮಿಯ ಮರುವಾರ ಕ್ಯಾಸಲ್‌ರಾಕ್‌ನಿಂದ ರೈಲು ಹಳಿ ಮೇಲೆ ದೂಧಸಾಗರ ಜಲಪಾತಕ್ಕೆ ನಡೆಯೋಣ" ಅಂತ ಬಹಳ ಮಂದಿ ಕೇಳುತ್ತಾರೆ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅತಿಕ್ರಮ ಪ್ರವೇಶ, ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ. ಸುರಂಗದೊಳಗೆ ಗಾಡಿ ಬಂದರೆ ಸರಿದು ನಿಲ್ಲಲು ಜಾಗ ಸಾಲದು. ಗೋಕಾಕ ಫಾಲ್ಸ್‌ಗೆ ಡಿಸೆಂಬರ್‌ನಲ್ಲಿ ಬರಬೇಡಿ, ನೀರೇ ಇರುವುದಿಲ್ಲ ಅನ್ನುವಷ್ಟು ಕಡಿಮೆ. ಜುಲೈ–ಆಗಸ್ಟ್‌ನಲ್ಲಿ ಬನ್ನಿ, ಬಂದರೆ ಮೇಲಿನ ಬಂಡೆಗೆ ಇಳಿಯದೆ ದೂರದಿಂದ ನೋಡಿ. ಘಟಪ್ರಭಾ ನೀರಿನ ಮಟ್ಟ ಹಿಡಕಲ್ ಅಣೆಕಟ್ಟೆಯಿಂದ ಬಿಟ್ಟಂತೆ ಏರುತ್ತದೆ, ಇಲ್ಲಿ ಮಳೆ ಬಿದ್ದಿರಲೇಬೇಕು ಅಂತಿಲ್ಲ.


ಗುಮ್ಮಟದ_ಊರು

ಕಲ್ಲು_ಹಗ್ಗ ಸರ್, ಇನ್ನೊಂದೇ ಪ್ರಶ್ನೆ. ಮಗಳು 34 ಕೆ.ಜಿ. ಇದ್ದಾಳೆ. ದೊಡ್ಡವರ ಹಾರ್ನೆಸ್ ಅವಳಿಗೆ ನಡೆಯುತ್ತಾ? ಮತ್ತೆ ಅರ್ಧ ಹತ್ತಿ ಹೆದರಿಕೊಂಡರೆ ಏನು ಮಾಡೋದು?


ಕಲ್ಲು_ಹಗ್ಗ

ಹಾರ್ನೆಸ್ ಜಾರದೆ ನಿಲ್ಲುವಷ್ಟು ಸೊಂಟ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಹೋಗುತ್ತದೆ ಮೇಡಂ, ತೂಕದ ಮೇಲಲ್ಲ. ಸಣ್ಣ ಅಳತೆಯ ಹಾರ್ನೆಸ್ ಪೂರ್ತಿ ಬಿಗಿದು, ಇಬ್ಬರು ಹಿಡಿದು ಕೆಳಗೆ ಜಗ್ಗಿ ನೋಡಿ. ಸೊಂಟದ ಮೂಳೆ ದಾಟಿ ಜಾರದಿದ್ದರೆ ಸರಿ. ಜಾರಿದರೆ ಅವಳಿಗೆ ಎದೆಗೂ ಪಟ್ಟಿ ಇರುವ ಪೂರ್ಣ ಹಾರ್ನೆಸ್ ಬೇಕು, ಇಲ್ಲದಿದ್ದರೆ ತಲೆಕೆಳಗಾದಾಗ ಜಾರಿಬಿಡುವ ಅಪಾಯವಿದೆ. ಫೋನಿನಲ್ಲಿ ಕಾಯ್ದಿರಿಸುವಾಗಲೇ ಅವಳ ವಯಸ್ಸು, ಸೊಂಟದ ಸುತ್ತಳತೆ ಸೆಂಟಿಮೀಟರ್‌ನಲ್ಲಿ ಹೇಳಿ, ಅವರು ಅದಕ್ಕೆ ತಕ್ಕದ್ದು ತರುತ್ತಾರೆ.

ತೂಕದ ಮಾತು ಬರುವುದು ಬಿಲೇಯಲ್ಲಿ. ಅವಳು ಹತ್ತುವಾಗ ಕೆಳಗೆ ದೊಡ್ಡವರು ಯಾರು ಹಿಡಿದರೂ ತೂಕದ ತೊಂದರೆಯಿಲ್ಲ. ಆದರೆ ಅವಳೇ ಅಪ್ಪನ ಹಗ್ಗ ಹಿಡಿಯುತ್ತೇನೆ ಅಂದರೆ ಬಿಡಬೇಡಿ, ಅಪ್ಪ ಜಾರಿದ ಕ್ಷಣ ಅವಳು ನೆಲ ಬಿಟ್ಟು ಮೇಲೇಳುತ್ತಾಳೆ. ಮೊದಲ ದಿನ ಬಿಲೇ ಪೂರ್ತಿ ಕಲಿಸುವವರದೇ ಇರಲಿ.

ಹೆದರಿಕೆಗೆ ಮದ್ದು ನೆಲದ ಹತ್ತಿರವೇ ಇದೆ. ಮೊದಲ ಸರದಿಯಲ್ಲಿ ಎರಡು ಮೀಟರ್ ಮಾತ್ರ ಹತ್ತಿಸಿ, "ಬಿಗಿ" ಅಂತ ಕೂಗಿಸಿ, ಎರಡೂ ಕೈ ಬಿಡಿಸಿ ಹಗ್ಗದ ಮೇಲೆ ಕೂರಿಸಿ. ಕಾಲು ಅಗಲಿಸಿ ಅಂಗಾಲು ಗೋಡೆಗೆ ಚಪ್ಪಟೆಯಾಗಿ ಇಟ್ಟು, ಕುರ್ಚಿಯಲ್ಲಿ ಒರಗಿದ ಹಾಗೆ ಹಿಂದಕ್ಕೆ ವಾಲಬೇಕು. ಹೆದರಿದವರು ಗೋಡೆಗೆ ಅಂಟಿಕೊಳ್ಳುತ್ತಾರೆ, ಆಗ ಕಾಲು ಜಾರಿ ಮೊಣಕಾಲು, ಗದ್ದ ಬಡಿಯುತ್ತವೆ. ಇಳಿಯುವ ಈ ಭಂಗಿ ಎರಡು ಮೀಟರಿನಲ್ಲೇ ಎರಡು ಮೂರು ಸಲ ಆದರೆ ಮೇಲೆ ಹೋದಾಗ ತಾನಾಗಿ ಬರುತ್ತದೆ.

ಅರ್ಧದಲ್ಲಿ ನಿಂತರೆ ಕೆಳಗಿನಿಂದ ನಾಲ್ಕು ಮಂದಿ ಸಲಹೆ ಕೂಗಬೇಡಿ. ಒಬ್ಬರೇ ಮಾತಾಡಲಿ, ಅದೂ ಬಿಲೇಯರ್. ಹಗ್ಗ ಬಿಗಿ ಮಾಡಿ, ಅವಳನ್ನು ಕೂರಿಸಿ, ಕೈ ಜಾಡಿಸಿಕೊಳ್ಳಲು ಹೇಳಿ, ಒಂದು ನಿಮಿಷ ಬಿಡಿ. ಆಮೇಲೆ ಮುಂದಿನ ಒಂದು ಕಾಲಿನ ಜಾಗ ಮಾತ್ರ ತೋರಿಸಿ. "ಇಳಸ್ರಿ" ಅಂತ ಕೂಗಿದರೆ ತಕ್ಷಣ, ನಿಧಾನವಾಗಿ, ಜರ್ಕ್ ಇಲ್ಲದೆ ಇಳಿಸಿ. "ಇನ್ನೊಂದು ಹೆಜ್ಜೆ ಅಷ್ಟೇ" ಅಂತ ಒತ್ತಾಯ ಬೇಡ, ಕರೆದಾಗ ಇಳಿಸುತ್ತಾರೆ ಅನ್ನುವ ನಂಬಿಕೆ ಕೂತ ಮಕ್ಕಳೇ ಎರಡನೇ ಸರದಿಯಲ್ಲಿ ತಾವಾಗಿ ಮೇಲೆ ಹೋಗುತ್ತಾರೆ.

ಇನ್ನೊಂದು, ರೂಮು ಈಗಲೇ ನೋಡಿಕೊಳ್ಳಿ. ನಿಮ್ಮ ತಾರೀಖು ಮುಂದೆ ಹೋಗಿ ಜನವರಿಗೆ ಬಂದರೆ ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ ಇರುತ್ತದೆ. ಆಗ ಬಾದಾಮಿಯಲ್ಲಿ ರೂಮು ಸಿಗುವುದಿಲ್ಲ, ರಸ್ತೆ ತುಂಬ ಚಕ್ಕಡಿ, ಜನ. ಸೈಕಲ್ ಆ ವಾರ ಆಗುವ ಮಾತಲ್ಲ.